ಹಳದಿ ಅಂಗಿಯವರ ಶಾಲು

ಇವರ ಹೆಸರು ಬರೆಯಬಾರದೆಂಬುದು ಇವರದೇ ಷರತ್ತು. ಹೋದ ತಿಂಗಳು, ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದಲ್ಲಿ ನಮ್ಮ ಎದುರು ಬಾಗಿಲಿನ ಫ್ಲ್ಯಾಟ್ ಖಾಲಿ ಮಾಡಿ ಕಲ್ಯಾಣಕ್ಕೆ ಹೊರಟಾಗ, ಸಾಮಾನೆಲ್ಲ ಟೆಂಪೋ ಹತ್ತುತ್ತಿದ್ದ ಹೊತ್ತಿನಲ್ಲಿ ನಾನು, "ನಿಮ್ಮ ಬಗ್ಗೆ ಸಂಘದ ವಾರ್ಷಿಕ ಸಂಚಿಕೆಗೆ ಬರೀತೇನೆ, ಆಯ್ತಾ?" ಎಂದೆ. ಅವರು ಕೈಯಲ್ಲಿದ್ದ ಕುಕ್ಕರನ್ನು ಎದೆಗೆ ಅವಚಿಕೊಂಡೇ ನಿಂತು ಯೋಚಿಸಿದರು.

"ಬರೀರಿ ಕಾಕು. ಆದ್ರ ಹೆಸರು ಹಾಕಬ್ಯಾಡ್ರಿ. ಹೆಸರು ಹಾಕಿದ್ರ ಕಾಕಾ ಇನ್ನೊಂದು ಶಾಲು ಹಿಡ್ಕೊಂಡು ಕಲ್ಯಾಣದ ತನಕ ಬರ್ತಾರ."

ಕಾಕು ಎಂದರೆ ನಾನು, ಕಾಕಾ ಎಂದರೆ ನನ್ನ ಯಜಮಾನರು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಿಂದ ನಿವೃತ್ತರಾದ ಮೇಲೆ ನಮ್ಮ ಭಾಗದ ಕನ್ನಡ ಸಂಘಕ್ಕೆ ಅವರೇ ಕಾರ್ಯದರ್ಶಿ. ಯಾರಿಗಾದರೂ ಶಾಲು ಹೊದೆಸದೆ ಒಂದು ತಿಂಗಳು ಕಳೆದರೆ ಅವರಿಗೆ ಊಟ ಸೇರುವುದಿಲ್ಲ. ಹಾಗಾಗಿ ಷರತ್ತು ನ್ಯಾಯವಾದದ್ದೇ ಎಂದು ಒಪ್ಪಿಕೊಂಡೆ.

ಎದುರು ಮನೆಯವರು ಬೆಳಗಾವಿಯವರು, ವೃತ್ತಿಯಿಂದ ಫುಟ್ಬಾಲ್ ಗೋಲ್‌ಕೀಪರ್. ನವಿ ಮುಂಬಯಿಯ ಒಂದು ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡುವವರು ಎಂದರೆ ಜನ ಕಣ್ಣರಳಿಸುತ್ತಾರೆ. ಆದರೆ ಆ 'ಆಡುವವರು' ಎಂಬಲ್ಲಿಯೇ ತೊಡಕು. ಅವರು ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಓಡಾಡಿ ಆಡುವವರು ದಣಿಯುತ್ತಾರೆ, ಅವರ ಬದಲಿಗೆ ಬೇರೆಯವರು ಇಳಿಯುತ್ತಾರೆ. ಗೋಲ್‌ಕೀಪರ್ ದಣಿಯುವುದಿಲ್ಲ. ಮೊದಲನೆಯವನಿಗೆ ಏಟು ಬೀಳಬೇಕು, ಇಲ್ಲವೇ ರೆಫ್ರಿ ಅವನನ್ನು ಹೊರಗೆ ಕಳಿಸಬೇಕು. ಅಲ್ಲಿಯವರೆಗೆ ಎರಡನೆಯವರಿಗೆ ಬೆಂಚೇ ಗತಿ. ಇವರ ಕ್ಲಬ್ಬಿನ ಮೊದಲನೆಯವನು ಗೋವಾದವನು. ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ತಲೆ ಬಗ್ಗಿಸಬೇಕಾದಷ್ಟು ಎತ್ತರ, ಆರೋಗ್ಯವೋ ಕಲ್ಲುಗುಂಡು. ಆ ಮನುಷ್ಯನಿಗೆ ನೆಗಡಿ ಕೂಡ ಆಗುತ್ತಿರಲಿಲ್ಲ.

ಅವರು ಎದುರಿಗೆ ಬಂದ ಹೊಸತರಲ್ಲಿ ನನಗೆ ಮೊದಲು ಪರಿಚಯವಾದದ್ದು ಅವರಲ್ಲ, ಅವರ ಕೈಗವಸು. ಬೆಳಿಗ್ಗೆ ನಾನು ಹಾಲು ತೆಗೆದುಕೊಳ್ಳಲು ಬಾಗಿಲು ತೆರೆಯುವಾಗ ಅವರು ಅಭ್ಯಾಸಕ್ಕೆ ಹೋಗಿಯಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಬಾಗಿಲ ಗ್ರಿಲ್ಲಿಗೆ ಕ್ಲಿಪ್ಪು ಹಾಕಿ ನೇತುಬಿಟ್ಟ ಎರಡು ದೊಡ್ಡ ಪಂಜಗಳು ಟಪಟಪ ನೀರು ತೊಟ್ಟಿಕ್ಕುತ್ತಿರುತ್ತಿದ್ದವು. ಒಣಗುವ ತನಕ ಒಂದು ವಾಸನೆ. ಅದನ್ನು ವರ್ಣಿಸಲಾರೆ, ಒದ್ದೆ ಗೋಣಿಚೀಲದ ಬಳಗದ್ದು ಎಂದರೆ ಸಾಕು.

ಅದೇ ಸಮಯಕ್ಕೆ ಅವರ ಹೆಂಡತಿ ಕೆಳಗಿನ ಅಂಗಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ಶಾಂಪೂ ಕೊಳ್ಳುವುದು ನನ್ನ ಕಣ್ಣಿಗೆ ಬಿತ್ತು. ಮನೆಯಲ್ಲಿ ಮಗುವಿಲ್ಲ. ಎರಡು ತಿಂಗಳು ಸುಮ್ಮನಿದ್ದೆ. ಮೂರನೆಯ ಸಲ ಬಾಯಿ ತಡೆಯಲಿಲ್ಲ. "ಒಳ್ಳೆ ಸುದ್ದಿಯಾ? ಹುಳಿ ತಿನ್ನಬೇಕು ಅನ್ನಿಸುದಾದರೆ ಹೇಳಿ, ನಮ್ಮಲ್ಲಿ ಮಾವಿನ ಮಿಡಿ ಉಂಟು" ಎಂದೆ.

ಆಕೆ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ತವರಿನವರ ಮೂಲ ವಿಜಯಪುರ. ಠಾಣೆಯ ಒಂದು ಆಫೀಸಿನಲ್ಲಿ ಕೆಲಸ. ನಕ್ಕು ನಕ್ಕು ಗೋಡೆಗೆ ಒರಗಿದಳು. "ಅರೆ ಕಾಕು, ಕೂಸು ಅಲ್ಲೈತಿ ನೋಡ್ರಿ, ಗ್ರಿಲ್ಲಿಗೆ ಜೋತುಬಿದ್ದೈತಿ. ಗ್ಲೌಸ್ ತೊಳಿಯೂದಕ್ಕ ಬೇಬಿ ಶಾಂಪೂನ ಬೇಕಂತ. ಇಲ್ಲಾಂದ್ರ ಅಂಗೈಯಾಗಿನ ರಬ್ಬರು ಒಡೀತೈತಂತ. ನನ್ನ ತಲಿಗೆ ಎರಡು ರೂಪಾಯಿ ಪುಡಿ ಸಾಕು, ಅದಕ್ಕ ಮಾತ್ರ ಭಾರೀ ಲಾಡ್."

ಹೀಗೆ ಎರಡು ಮನೆಗೂ ಬಳಕೆ ಬೆಳೆಯಿತು. ನಮ್ಮ ಉಡುಪಿ ಕಡೆ ದೊಡ್ಡಮ್ಮ, ಚಿಕ್ಕಮ್ಮ ಇದ್ದಾರೆ. ಈ ಕಾಕು ಎಂಬ ಸಂಬಂಧ ನಾನು ಕೇಳಿದ್ದಿಲ್ಲ. ಬೆಳಗಾವಿಯವರು ಚಿಕ್ಕಮ್ಮನನ್ನು ಮರಾಠಿಯವರಂತೆ ಹಾಗೆ ಕರೆಯುತ್ತಾರೆಂದು ತಿಳಿದ ಮೇಲೆ ಸುಮ್ಮನಾದೆ. ಈಗ ಯಾರಾದರೂ ಆಂಟಿ ಎಂದರೆ ಓಗೊಡಲು ಮನಸ್ಸಾಗುವುದಿಲ್ಲ.

ಇನ್ನು ಶಾಲಿನ ಕಥೆ. ಆಕೆ ಒಂದು ದಿನ ಮೊಬೈಲಿನಲ್ಲಿ ಕ್ಲಬ್ಬಿನ ಫೋಟೋ ತೋರಿಸಿದಳು. ಇಪ್ಪತ್ತು ಚಿಲ್ಲರೆ ಮಂದಿ ನೀಲಿ ಅಂಗಿಯಲ್ಲಿ. ಮುಂದಿನ ಸಾಲಿನ ನಟ್ಟನಡುವೆ ಇವರೊಬ್ಬರು ಹಳದಿ ಅಂಗಿಯಲ್ಲಿ, ತೊಡೆಯ ಮೇಲೆ ಚೆಂಡು. ಗೋವಾದವನು ಅಣ್ಣನ ಮದುವೆಗೆ ಊರಿಗೆ ಹೋಗಿದ್ದ ದಿನ ತೆಗೆದದ್ದಂತೆ. ಆ ವಿವರ ಆಕೆ ನನಗೆ ಹೇಳಿದಳು. ಯಜಮಾನರು ಕನ್ನಡಕ ಹಾಕಿಕೊಂಡು ಫೋಟೋ ನೋಡಿದರೇ ಹೊರತು ವಿವರ ಕೇಳಲಿಲ್ಲ.

"ನಮ್ಮ ಎದುರು ಮನೆಯಲ್ಲೇ ಒಬ್ಬ ಕ್ಯಾಪ್ಟನ್ ಇದ್ದಾರೆ, ನಮಗೆ ಗೊತ್ತೇ ಇಲ್ಲ!" ಎಂದರು ಒಳಗೆ ಬಂದು.

"ಕ್ಯಾಪ್ಟನ್ ಅಂತ ಯಾರು ಹೇಳಿದ್ದು ನಿಮಗೆ?"

"ಹೇಳುದೆಂತ? ಯಕ್ಷಗಾನ ಮೇಳದ ಫೋಟೋ ನೋಡಿದ್ದಿ ಅಲ್ವಾ ನೀನು? ದೊಡ್ಡ ವೇಷದವರು ಎಲ್ಲಿ ಕೂತುಕೊಳ್ಳುದು? ಮಧ್ಯದಲ್ಲಿ. ಅವರ ಬಣ್ಣ ಬೇರೆ, ಕಿರೀಟ ಬೇರೆ. ಇಲ್ಲಿಯೂ ಹಾಗೆಯೇ. ಎಲ್ಲರೂ ನೀಲಿ, ಇವರೊಬ್ಬರು ಹಳದಿ."

ಫುಟ್ಬಾಲಿನ ವಿಷಯದಲ್ಲಿ ನನ್ನ ತಿಳಿವಳಿಕೆಯೂ ಆಗ ಅಷ್ಟಕ್ಕಷ್ಟೇ. ಯಕ್ಷಗಾನದ ಲೆಕ್ಕದಲ್ಲಿ ಅವರ ಮಾತು ಸರಿಯಾಗಿಯೇ ಕಂಡಿತು. ಆ ವರ್ಷದ ವಾರ್ಷಿಕೋತ್ಸವದಲ್ಲಿ ಸನ್ಮಾನ ಎಂದು ನಿಶ್ಚಯವಾಯಿತು. ಯಜಮಾನರು ಅವರ ಮನೆಗೆ ಹೋಗಿ, "ನೀವು ಬರಲೇಬೇಕು" ಎಂದರೇ ಹೊರತು ಯಾಕೆಂದು ಹೇಳಲಿಲ್ಲ. ಅವರೋ ಊಟಕ್ಕೆ ಕರೆದರೆಂದು ತಿಳಿದು ಹೆಂಡತಿಯೊಂದಿಗೆ ಬಂದರು.

ವೇದಿಕೆಗೆ ಕರೆದಾಗ ಅವರ ಮುಖ ನೋಡಬೇಕಿತ್ತು. ತಲೆಗೆ ಮೈಸೂರು ಪೇಟ ಇಟ್ಟರು, ಹೆಗಲಿಗೆ ಜರಿಯಂಚಿನ ಕೆಂಪು ಶಾಲು, ಕೈಗೆ ಹಣ್ಣಿನ ಬುಟ್ಟಿ, ಕೊರಳಿಗೆ ಹಾರ. ಯಜಮಾನರು ಮೈಕಿನಲ್ಲಿ, "ತಂಡದ ನಾಯಕರಾಗಿ ಇವರು ಹೊಡೆದ ಗೋಲುಗಳಿಗೆ ಲೆಕ್ಕವೇ ಇಲ್ಲ" ಎಂದು ಬಿಟ್ಟರು. ಗೋಲ್‌ಕೀಪರ್ ಎಂದರೆ ಗೋಲು ಹೊಡೆಯುವವನಲ್ಲ, ತಡೆಯುವವನು ಎಂಬಷ್ಟು ತಿಳಿದ ನಾಲ್ಕು ಹುಡುಗರು ಹಿಂದಿನ ಸಾಲಿನಲ್ಲಿ ಮುಸಿಮುಸಿ ನಕ್ಕರು. ಆಮೇಲೆ ಎರಡು ಮಾತಾಡಿ ಎಂದು ಮೈಕು ಅವರ ಕೈಗೆ ಬಂತು.

"ನಮಸ್ಕಾರ್ರಿ ಎಲ್ಲಾರಿಗೂ," ಎಂದರು. "ಏನೋ ತಪ್ಪಾಗೇತ್ರಿ. ನಾ ಕ್ಯಾಪ್ಟನ್ ಅಲ್ಲ. ಈ ಕ್ಲಬ್ಬಿಗೆ ನಾ ಇನ್ನೂ ಒಂದು ಮ್ಯಾಚೂ ಆಡಿಲ್ರಿ. ಬೆಂಚಿನ ಮ್ಯಾಲ ಕೂಡ್ರತೇನಿ."

ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮುಖ್ಯೋಪಾಧ್ಯಾಯರು, "ಆಹಾ, ಎಂಥಾ ವಿನಯ!" ಎಂದು ಚಪ್ಪಾಳೆ ತಟ್ಟಿದರು. ಸಭಾಂಗಣವೇ ತಟ್ಟಿತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅಧ್ಯಕ್ಷರು ಸಮಾರೋಪದಲ್ಲಿ ಇವರನ್ನೇ ಉದಾಹರಿಸಿದರು. ಸತ್ಯ ಹೇಳಿಯೂ ಸಿಕ್ಕಿಬಿದ್ದವರನ್ನು ನಾನು ನೋಡಿದ್ದು ಅವತ್ತೇ.

ಮಾರನೆಯ ಸಂಜೆ ಅವರು ಹಣ್ಣಿನ ಬುಟ್ಟಿ ಹಿಡಿದು ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದರು. ನೆಲದ ಮೇಲೆ ಕುಳಿತು, ಯಾರನ್ನೂ ದೂರದೆ, ಎರಡನೇ ಗೋಲ್‌ಕೀಪರ್ ಎಂದರೆ ಏನೆಂದು ಮೊದಲಿನಿಂದ ಬಿಡಿಸಿ ಹೇಳಿದರು. ಯಜಮಾನರ ಮುಖ ಸಣ್ಣದಾಯಿತು.

"ಹಾಗಾದರೆ ನೀವು ನಿಜವಾಗಿ ಆಡಿಯೇ ಇಲ್ವಾ?"

"ಹೇಳಿದ್ನಲ್ರೀ ಕಾಕಾ, ಮೈಕಿನ್ಯಾಗ."

"ನಾವು ವಿನಯ ಅಂತ ಎಣಿಸಿದ್ದು ಮಾರಾಯ್ರೆ!"

"ಇರ್ಲಿ ಬಿಡ್ರಿ. ಪೇಟಾ ನೀವ ತಿರಗಿ ತಗೊಂಡ್ರಿ. ಹಾರ ಒಣಗತೈತಿ. ಹಣ್ಣು ಹಂಚಿ ತಿನ್ನೂಣು. ಶಾಲು ಮಾತ್ರ ನಾ ಹೊದಿಯಂಗಿಲ್ರಿ. ಪ್ಲಾಸ್ಟಿಕ್ ಚೀಲದಾಗ ಹಾಕಿ ಕಪಾಟಿನ್ಯಾಗ ಇಟ್ಟೇನಿ. ಒಂದು ಮ್ಯಾಚ್ ಆಡಿದ ದಿನಾ ಬಿಚ್ಚತೇನಿ. ಆಡದಂಗ ಹೊದಕೊಂಡ್ರ ಅದು ಚುಚ್ಚತೈತಿ."

ನಗುತ್ತಲೇ ಹೇಳಿದರು. ಆದರೆ ಆ ಕೊನೆಯ ಮಾತಿಗೆ ಅವರ ಹೆಂಡತಿ ನಗಲಿಲ್ಲ. ನಾನದನ್ನು ಗಮನಿಸಿದೆ.

ಮಾತು ಬದಲಿಸೋಣವೆಂದು, "ಅಲ್ಲ, ಆಡುದಿಲ್ಲ ಅಂದ್ರೆ ದಿನಾ ಬೆಳಿಗ್ಗೆ ಎದ್ದು ಹೋಗಿ ಎಂತ ಮಾಡುದು ನೀವು?" ಎಂದು ಕೇಳಿದೆ. ಅವರು ಬುಟ್ಟಿಯಿಂದ ಒಂದು ಮೋಸಂಬಿ ತೆಗೆದರು. "ನಿಂದ್ರಿ ಕಾಕು. ಎರಡೂ ಕೈ ಎದಿ ಮುಂದ ಹಿಡೀರಿ."

ಅರವತ್ತು ದಾಟಿದ ನಾನು ಸೆರಗು ಸಿಕ್ಕಿಸಿ ನಿಂತೆ. ಮೆತ್ತಗೆ ಎಸೆದರು; ಅಂಗೈಗೇ ಬಂತು. ಮತ್ತೆ ಮತ್ತೆ ಎಸೆದರು. ಎಲ್ಲವೂ ಎದೆಯ ಮಟ್ಟಕ್ಕೆ, ಹಿಡಿಯದಿರಲು ಸಾಧ್ಯವೇ ಇಲ್ಲದ ಹಾಗೆ. ಆಮೇಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಸ್ವಲ್ಪ ಜೋರಾಗಿ. ಕಡೆಗೆ ಅವರು ರಪ್ಪನೆ ಎಸೆದದ್ದನ್ನೂ ನನ್ನ ಕೈ ತಾನಾಗಿ ಹೋಗಿ ಹಿಡಿಯಿತು. ನನಗೇ ಆಶ್ಚರ್ಯ.

"ನೋಡ್ರಿ," ಎಂದರು. "ಮೊದಲಿಗೇ ಜೋರ ಒಗೆದಿದ್ರ ನಿಮ್ಮ ಮೂಗಿಗೆ ಬೀಳತಿತ್ತು. ಈಗ ನಿಮ್ಮ ಕೈಗೆ ನಂಬಿಕಿ ಬಂತು. ಮ್ಯಾಚಿನ ಮೊದಲು ನಮ್ಮ ಗೋವಾದಾಂವಗ ನಾ ಹೊಡಿಯೂ ಚೆಂಡೆಲ್ಲಾ ಹಿಂಗ. ಅವಗ ಗೋಲು ಹಾಕೂದು ನನ್ನ ಕೆಲಸ ಅಲ್ರಿ. ಹಿಡಿಸೂದು. ಕಡೀ ಚೆಂಡು ಹಿಡದ ಮ್ಯಾಲ ಅಂವ ಒಳಗ ಹೋಗತಾನು, ನಾ ಬೆಂಚಿಗೆ ಹೋಗತೇನಿ."

"ಅಷ್ಟೇಯಾ?" ಎಂದರು ಯಜಮಾನರು, ಇನ್ನೂ ಸಣ್ಣ ಮುಖದಲ್ಲೇ.

"ಅಷ್ಟರಿ."

ಅಂದಿನಿಂದ ನಮ್ಮ ಬಿಲ್ಡಿಂಗಿನ ಕನ್ನಡದ ಮನೆಗಳಿಗೆಲ್ಲ ಒಂದೇ ಧ್ಯಾನ: ಆ ಶಾಲು ಯಾವಾಗ ಬಿಚ್ಚುತ್ತದೆ? ಪಂದ್ಯದ ಮಾರನೆಯ ದಿನ ಮೆಟ್ಟಿಲಲ್ಲಿ ಸಿಕ್ಕವರು "ಶಾಲು?" ಎಂದು ಒಂದೇ ಮಾತು ಕೇಳುವರು. ಅವರು, "ಕಪಾಟಿನ್ಯಾಗ ಬೆಚ್ಚಗ ಐತ್ರಿ" ಎಂದು ನಕ್ಕು ಇಳಿದುಹೋಗುವರು. ಎಷ್ಟೋ ವರ್ಷ ಹೀಗೆಯೇ ನಡೆಯಿತು. ಅವರ ಮಗಳು ಹುಟ್ಟಿದಳು, ಶಾಂಪೂ ಎರಡು ಬಾಟಲಿಯಾಯಿತು. ಆ ಹುಡುಗಿ ನಮ್ಮ ಕನ್ನಡವೆಲ್ಲ ಅರ್ಥಮಾಡಿಕೊಂಡು ಮರಾಠಿಯಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು. ಶಾಲು ಮಾತ್ರ ಬಿಚ್ಚಲಿಲ್ಲ.

ಮನೆಯಲ್ಲೂ ಅವರು ಗೋಲ್‌ಕೀಪರೇ. ಯಾವುದನ್ನೂ ಕೆಳಗೆ ಬೀಳಲು ಬಿಡುತ್ತಿರಲಿಲ್ಲ. ನಮ್ಮ ಅಟ್ಟದಿಂದ ಉಪ್ಪಿನಕಾಯಿಯ ಭರಣಿ ಜಾರಿದಾಗ ಬಾಗಿಲ ಬಳಿ ಮಾತಾಡುತ್ತಿದ್ದವರು ಅದು ಹೇಗೆ ಒಳಗೆ ಬಂದರೋ, ಭರಣಿ ಅವರ ಎದೆಗೆ ಅಂಟಿಕೊಂಡಿತ್ತು, ಅವರು ನೆಲದ ಮೇಲಿದ್ದರು. ಒಂದು ಹನಿ ಎಣ್ಣೆ ಚೆಲ್ಲಲಿಲ್ಲ. ಪೂಜೆಗೆ ಕರೆದರೆ ಪಂಕ್ತಿಯ ಕಟ್ಟಕಡೆಗೆ ಕೂರುವರು, ಬಡಿಸುವವರಿಗೆ ಜನ ಸಾಲದಿದ್ದರೆ ತಟ್ಟನೆ ಏಳಲು ಅನುಕೂಲ ಎಂದು. ಬೆಂಚಿನ ರೂಢಿ ಅದು.

ಯಜಮಾನರಿಗೆ ಕಣ್ಣಿನ ಪೊರೆಯ ಆಪರೇಷನ್ ಎಂದಾಗ, ಕಾರ್ಖಾನೆಯ ಯಂತ್ರಗಳಿಗೆ ಹೆದರದ ಮನುಷ್ಯ ವಾರದ ಮೊದಲೇ ಊಟ ಬಿಟ್ಟರು. ಇವರು ಬಂದು ಪಕ್ಕದಲ್ಲಿ ಕುಳಿತು, "ಕಾಕಾ, ಚೆಂಡು ಬರೂ ಮೊದಲ ಹೆದರಬ್ಯಾಡ್ರಿ. ಬಂದ ಮ್ಯಾಲ ಹೆದರಾಕ ಟೈಮ್ ಇರಂಗಿಲ್ಲ" ಎಂದರು. ಸಮಾಧಾನವೋ ಹೆದರಿಕೆಯೋ ತಿಳಿಯಲಿಲ್ಲ, ಆದರೆ ಯಜಮಾನರು ಎದ್ದು ಗಂಜಿ ಊಟ ಮಾಡಿದರು.

ನಾನು ಮಾತ್ರ ಒಂದು ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗ, "ಕೃಷ್ಣಾ, ಆ ಗೋವಾದವನಿಗೆ ದೊಡ್ಡದೇನೂ ಬೇಡ. ಕೈಕಾಲು ಚೆನ್ನಾಗಿರಲಿ. ಒಂದು ಸಣ್ಣ ಜ್ವರ, ಒಂದೇ ಒಂದು ಶನಿವಾರಕ್ಕೆ" ಎಂದು ಕೇಳಿಕೊಳ್ಳುತ್ತಿದ್ದೆ. ಒಂದು ಗುರುವಾರ ಇವರು ಸ್ಟೀಲಿನ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತರು.

"ಕಾಕು, ನಿಮ್ಮ ಕಷಾಯ ಬೇಕಾಗಿತ್ರಿ. ನಮ್ಮ ಗೋವಾದಾಂವಗ ಜ್ವರಾ ಬಂದಾವು."

ನನಗೆ ಸಂತೋಷ ತಡೆಯಲಾಗಲಿಲ್ಲ. "ಬಂತಾ! ಅಂದ್ರೆ ಶನಿವಾರ ನೀವೇ?"

"ಅದಕ್ಕ ಕಷಾಯ ಕೇಳಾಕ ಬಂದೇನ್ರಿ. ಇವತ್ತ ಕೊಟ್ರ ಶನಿವಾರಕ್ಕ ಎದ್ದು ನಿಂದ್ರತಾನು."

"ನಿಮಗೆ ಮಂಡೆ ಸರಿ ಉಂಟಾ? ಅವ ಮಲಗಲಿ ಮಾರಾಯ್ರೆ! ನೀವು ಆಡಿ!"

"ಕಾಕು," ಎಂದರು ಫ್ಲಾಸ್ಕು ಮುಂದೆ ಚಾಚಿಕೊಂಡೇ, "ಅಂವ ಕ್ಲಬ್ಬಿನ ರೂಮಿನ್ಯಾಗ ಒಬ್ಬನ ಮಲಗ್ಯಾನು. ಅವರವ್ವ ಗೋವಾದಾಗ ಅದಾಳ. ಅವನ ಜ್ವರದ ಮ್ಯಾಲ ನಾ ಆಡಿದ್ರ, ಆ ಶಾಲು ಮತ್ತ ಚುಚ್ಚತೈತಿ."

ಶುಂಠಿ, ಮೆಣಸು, ಕೊತ್ತಂಬರಿ ಹುರಿದು ಕುದಿಸಿದೆ. ಮೆಣಸು ನಾಲ್ಕು ಕಾಳು ಕಡಿಮೆ ಮಾಡಿದರೆ ಹೇಗೆ ಎಂಬ ಯೋಚನೆ ಬಂದದ್ದು ನಿಜ. ಆದರೆ ನನ್ನ ಕಷಾಯದ ಮರ್ಯಾದೆಯ ಪ್ರಶ್ನೆಯೂ ಇತ್ತಲ್ಲ! ಫ್ಲಾಸ್ಕು ತುಂಬಿಸಿಕೊಂಡು ಅವರು ನವಿ ಮುಂಬಯಿಯ ಲೋಕಲ್ ಹಿಡಿದರು. ಶನಿವಾರ ಗೋವಾದವನು ಎದ್ದು ನಿಂತ, ಆಡಿದ, ಗೆದ್ದ. ಟೀವಿಯಲ್ಲಿ ಅವನನ್ನು ನೋಡುತ್ತ ಯಜಮಾನರು, "ನಿನ್ನ ಕಷಾಯ ಭಾರೀ ಜೋರುಂಟು" ಎಂದರು. ಅವರಿಗೆ ಆ ರಾತ್ರಿ ಮೊಸರನ್ನ ಮಾತ್ರ ಹಾಕಿದೆ.

ಬೆರಳಿಗೆ ಮಾತ್ರ ಕಷಾಯವಿಲ್ಲ. ಎರಡು ವರ್ಷದ ಹಿಂದೆ, ಸೀಸನ್ನು ಮುಗಿಯಲು ಒಂದು ತಿಂಗಳಷ್ಟು ಇರುವಾಗ, ಅಭ್ಯಾಸದಲ್ಲಿ ಗೋವಾದವನ ಬಲಗೈಯ ಬೆರಳಿನ ಕೀಲು ಜಾರಿತು. ಇವರೇ ಐಸು ಕಟ್ಟಿ ಡಾಕ್ಟರ ಬಳಿ ಕರೆದುಕೊಂಡು ಹೋದರಂತೆ. ಡಾಕ್ಟರು ಪಟ್ಟಿ ಸುತ್ತಿ, ಮೂರು ವಾರ ಚೆಂಡು ಮುಟ್ಟಕೂಡದು ಎಂದರಂತೆ. ತರಬೇತುದಾರರು ಇವರ ಕಡೆ ತಿರುಗಿ ತಲೆಯಾಡಿಸಿದರಂತೆ. ಸುದ್ದಿ ನಮಗೆ ತಲುಪಿಸಿದ್ದು ಅವರ ಹೆಂಡತಿ, ಆಫೀಸಿನಿಂದಲೇ ಫೋನು ಮಾಡಿ. "ಕಾಕು, ರವಿವಾರ ಇವರ ಆಡ್ತಾರ" ಎಂದವಳೇ ಫೋನಿಟ್ಟಳು.

ರವಿವಾರ ಬೆಳಿಗ್ಗೆ ಅವರು ಹೊರಡುವಾಗ ನಾನು ಬಾಗಿಲಲ್ಲೇ ಇದ್ದೆ. ಯಾವಾಗಲೂ ಮೆಟ್ಟಿಲನ್ನು ಎರಡೆರಡಾಗಿ ಇಳಿಯುವವರು ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ತಿಂಡಿ ತಿಂದಿರಾ?"

"ಹೋಗವಲ್ದು ಕಾಕು. ಇಷ್ಟು ವರ್ಷ ಕೂತು ಕೂತು ಕೈ ಮರತಿದ್ರ?"

"ಚೆಂಡು ಬರುವ ಮೊದಲು ಹೆದರಬೇಡಿ," ಎಂದೆ. "ನಮ್ಮನೆಯವರಿಗೆ ನೀವೇ ಹೇಳಿದ್ದಲ್ವಾ?"

"ಹೇಳೂದು ಸಸಾರ ಐತ್ರಿ," ಎಂದರು, ಸ್ವಲ್ಪ ನಕ್ಕರು. ಲಿಫ್ಟು ಬಂತು.

ಮಧ್ಯಾಹ್ನ ನಮ್ಮ ದಂಡು ಠಾಣೆಯಿಂದ ಲೋಕಲ್ ಹತ್ತಿತು. ಸಂಘದವರು ಹದಿನೈದು ಮಂದಿ, ಚಕ್ಕುಲಿ, ಚುರುಮುರಿ, ಭಜನೆಯ ತಾಳ. ಇದು ಮದುವೆ ದಿಬ್ಬಣವೇ ಎಂದು ಒಬ್ಬ ಹೆಂಗಸು ಮರಾಠಿಯಲ್ಲಿ ಕೇಳಿಯೂ ಕೇಳಿದಳು. ಮೈದಾನದ ಗೇಟಿನಲ್ಲಿ ಚಕ್ಕುಲಿಯನ್ನೂ ತಾಳವನ್ನೂ ಒಳಗೆ ಬಿಡಲಿಲ್ಲ. ಯಜಮಾನರು ತಾಳಕ್ಕಾಗಿ ಸಾಕಷ್ಟು ವಾದಿಸಿ, ಅದು ದೇವರ ಸಾಮಾನು ಎಂದೂ ಹೇಳಿ, ಸೋತು ಬಂದರು.

ನಾವು ಕುಳಿತುಕೊಳ್ಳುವ ಹೊತ್ತಿಗೆ ಇವರು ಗೋಲಿನ ಮುಂದೆ ಬಂದು ನಿಂತಿದ್ದರು. ಅದೇ ಹಳದಿ ಅಂಗಿ. ದೂರದಿಂದ ಚಿಕ್ಕವರಾಗಿ ಕಂಡರು. ಒಂದು ಮಾತು ಆಗಷ್ಟೇ ನನ್ನ ತಲೆಗೆ ಹೊಳೆಯಿತು: ಮೊದಲನೆಯವನಿಗೆ ಚೆಂಡು ಹಿಡಿಸಿ ಅಣಿಮಾಡುವವರು ಇವರು. ಇವರಿಗೆ ಯಾರು? ಅದನ್ನೇ ಪಕ್ಕದಲ್ಲಿದ್ದ ಅವರ ಹೆಂಡತಿಗೆ ಕೇಳಿದೆ.

"ಯಾರರ ಒಬ್ರು ಬರ್ತಾರ ಕಾಕು. ಸಣ್ಣಾವ್ರು ಯಾರರ ಇರಬೇಕು," ಎಂದಳು. ಅವಳ ಕಣ್ಣು ಮೈದಾನದ ಮೇಲೆಯೇ ಇತ್ತು. ಆಮೇಲೆ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. "ಕಾಕು, ನೋಡ್ರಿ."

ಎತ್ತರದ ಒಬ್ಬ ಮನುಷ್ಯ ಚೆಂಡಿನ ಚೀಲ ಎಳೆದುಕೊಂಡು ಬರುತ್ತಿದ್ದ. ಬಲಗೈಗೆ ಬಿಳಿ ಪಟ್ಟಿ. ಗೋವಾದವನು. ಮನೆಯಲ್ಲಿರು ಎಂದು ಡಾಕ್ಟರು ಹೇಳಿದ್ದರಂತೆ. ಕೈಗೆ ತಾನೇ ಪೆಟ್ಟು, ಕಾಲಿಗಲ್ಲವಲ್ಲ ಎಂದು ಬಂದಿದ್ದ. ಚೀಲವನ್ನು ಎಡಗೈಯಿಂದ ಕೊಡವಿ, ಒಂದು ಚೆಂಡನ್ನು ಮುಂದಿಟ್ಟುಕೊಂಡು ಮೆತ್ತಗೆ ಒದ್ದ. ಅದು ನೇರ ಎದೆಗೆ ಬಂತು. ಇವರು ಹಿಡಿದರು. ಮತ್ತೊಂದು, ಅದೂ ಎದೆಗೆ. ಆಮೇಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ. ನನಗೆ ಎಸೆದ ಮೋಸಂಬಿಯ ವರಸೆಯೇ. ಇಷ್ಟು ವರ್ಷ ಇವರು ಹೇಗೆ ಕೊಟ್ಟರೋ ಅವನು ಹಾಗೆಯೇ, ಒಂದೊಂದಾಗಿ, ಹಿಂದಿರುಗಿಸುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ಇನ್ನೂ ಆಟವೇ ಶುರುವಾಗಿಲ್ಲ, ಈಗಲೇ ಎಂತಕ್ಕೆ ಅಳುದು ಎಂದು ಯಜಮಾನರು ಕೇಳಿದರು. ಅವರಿಗೆ ಮೋಸಂಬಿ ಮರೆತುಹೋಗಿತ್ತು.

ಕೊನೆಯ ಚೆಂಡು ಹಿಡಿದ ಮೇಲೆ ಗೋವಾದವನು ಹತ್ತಿರ ಬಂದು ಇವರ ಎರಡೂ ಕೈಗವಸಿಗೆ ತನ್ನ ಎಡಗೈ ತಟ್ಟಿದ. ನಂತರ ಹೋಗಿ ಬೆಂಚಿನ ಮೇಲೆ ಕುಳಿತ.

ಪಂದ್ಯದ ಬಗ್ಗೆ ದೊಡ್ಡದಾಗಿ ಬರೆಯುವಂಥದ್ದೇನೂ ಇಲ್ಲ. ಗೆದ್ದರೂ ಸೋತರೂ ಅಂಕಪಟ್ಟಿಯಲ್ಲಿ ಎರಡೂ ತಂಡದ ಜಾಗ ಬದಲಾಗದ, ಯಾರಿಗೂ ಬೇಡವಾದ ಪಂದ್ಯ. ಮೊದಲಿಗೇ ಒಂದು ಚೆಂಡು ಇವರ ಕೈ ತಪ್ಪಿ ಹೊಟ್ಟೆಯ ಕೆಳಗಿನಿಂದ ಒಳಗೆ ಹೋಯಿತು. "ಹುಲ್ಲು ಒದ್ದೆ ಉಂಟು, ಹುಲ್ಲಿನದ್ದೇ ತಪ್ಪು" ಎಂದು ಯಜಮಾನರು ಸುತ್ತಲಿನ ಅಪರಿಚಿತರಿಗೆಲ್ಲ ತಿಳಿಸಿ ಹೇಳಿದರು. ಇವರು ಎದ್ದು, ಚೆಂಡನ್ನು ಮುಂದಕ್ಕೆ ಒದ್ದು, ತಮ್ಮ ಮುಂದಿದ್ದವರಿಗೆ ಕೂಗಿ ಹೇಳತೊಡಗಿದರು. ಗಾಬರಿಯಲ್ಲಿ ಹಿಂದಿ ಮರೆತು ಬೆಳಗಾವಿಯ ಕನ್ನಡವೇ ಬಂತು. "ಹೊರಗ ಹಾಕೋ! ಎಡಕ್ಕ ನೋಡೋ, ಎಡಕ್ಕ!" ಒಬ್ಬ ಕೇರಳದವನು, ಒಬ್ಬ ಪಂಜಾಬಿನವನು, ಇಬ್ಬರು ಮಹಾರಾಷ್ಟ್ರದವರು. ಅವರಿಗೆ ಅರ್ಥವಾಯಿತೋ ಬಿಟ್ಟಿತೋ, ನಮ್ಮ ಹದಿನೈದು ಮಂದಿಗಂತೂ ಚೆನ್ನಾಗಿ ಅರ್ಥವಾಗಿ, ಎಲ್ಲರೂ ಎದ್ದು ನಿಂತು "ಎಡಕ್ಕೆ, ಎಡಕ್ಕೆ" ಎಂದು ಅರಚಿದೆವು. ನಡುವೆ ನಮ್ಮವರೂ ಒಂದು ಗೋಲು ಹೊಡೆದರು. ಕೊನೆಗೆ, ಇನ್ನೇನು ಸೀಟಿ ಊದಬೇಕು ಎನ್ನುವಾಗ, ಮೇಲಿನ ಮೂಲೆಗೆ ಹೋಗುತ್ತಿದ್ದ ಒಂದು ಚೆಂಡಿಗೆ ಇವರು ಉಪ್ಪಿನಕಾಯಿಯ ಭರಣಿಗೆ ಹಾರಿದ ಹಾಗೆ ಹಾರಿ ಬೆರಳ ತುದಿ ಮುಟ್ಟಿಸಿದರು. ಅದು ಕಂಬದ ಹೊರಗೆ ಹೋಯಿತು. ಪಂದ್ಯ ಸಮ ಸಮ.

ರಾತ್ರಿ ಅವರು ಬರುವಷ್ಟರಲ್ಲಿ ಅವರ ಹೆಂಡತಿ ಕಪಾಟಿನಿಂದ ಶಾಲು ತೆಗೆದು, ಪ್ಲಾಸ್ಟಿಕ್ ಚೀಲ ಸಮೇತ ಮೇಜಿನ ಮೇಲೆ ಇಟ್ಟಿದ್ದಳು. ಯಜಮಾನರು ಎರಡನೆಯ ಸಲ ಭಾಷಣ ಮಾಡಲು ತಯಾರಾಗಿ ಬಂದಿದ್ದರು. ಈ ಸಲದ್ದರಲ್ಲಿ ತಪ್ಪುಗಳಿಲ್ಲವೆಂದು ನನಗೆ ಮೊದಲೇ ಓದಿ ಹೇಳಿದ್ದರು. ಇವರು ಬಂದು, ನಮ್ಮ ಕಾಲಿಗೆ ನಮಸ್ಕಾರ ಮಾಡಿ, ಮಗಳನ್ನು ಎತ್ತಿಕೊಂಡರು. ಶಾಲನ್ನು ನೋಡಿದರು. ಚೀಲದ ಗಂಟು ಬಿಚ್ಚಿ, ಜರಿಯನ್ನು ಒಮ್ಮೆ ಸವರಿ, ಮತ್ತೆ ಮಡಚಿ ತಮ್ಮ ಆಟದ ಬ್ಯಾಗಿನೊಳಗೆ ಇಟ್ಟುಕೊಂಡರು.

"ಹೊದಿಲಿಕ್ಕಿಲ್ವಾ?" ಎಂದರು ಯಜಮಾನರು, ಎಲೆಯೆದುರಿನಿಂದ ಎಬ್ಬಿಸಿದವರ ಹಾಗೆ.

"ಹೊದೀತೇನ್ರಿ ಕಾಕಾ. ಇವತ್ತಲ್ಲ."

"ಆಡಿದ ದಿನ ಅಂದಿದ್ರಲ್ಲ ನೀವು?"

"ಅಂದಿದ್ದೆ," ಎಂದರು ಅವರು, ಬ್ಯಾಗಿನ ಜಿಪ್ಪು ಎಳೆದು. ಮುಖದಲ್ಲಿ ಏನೋ ಕಂಡುಕೊಂಡವರ ಕಳೆಯಿತ್ತು.

ಯಜಮಾನರಿಗೆ ಬೇಜಾರಾಯಿತು. ಬಿಟ್ಟ ಆ ಗೋಲಿನಿಂದಾಗಿ ಹೀಗೆ, ಇವರಿಗೆ ಗೆದ್ದೇ ತೀರಬೇಕೇನೋ ಎಂದು ವಾರಗಟ್ಟಲೆ ಕೊರಗಿದರು. ನಡುವಿನ ಪಂದ್ಯಗಳಿಗೆ ತರಬೇತುದಾರರು ಹೊಸದಾಗಿ ಬಂದ ಹುಡುಗನನ್ನು ಆಡಿಸಿ ನೋಡಿದರಂತೆ. ಗೋವಾದವನ ಬೆರಳು ವಾಸಿಯಾಯಿತು. ಸೀಸನ್ನಿನ ಕೊನೆಯ ಪಂದ್ಯದ ಹೊತ್ತಿಗೆ ಎಲ್ಲ ಮೊದಲಿನ ಹಾಗೆಯೇ: ಅವನು ಗೋಲಿನಲ್ಲಿ, ಇವರು ಬೆಂಚಿನ ಮೇಲೆ.

ಆ ಪಂದ್ಯವನ್ನು ನಾವು ಟೀವಿಯಲ್ಲಿ ನೋಡುತ್ತಿದ್ದೆವು. ಅವರ ಹೆಂಡತಿಯೂ ಮಗಳೂ ನಮ್ಮಲ್ಲೇ ಇದ್ದರು. ನಾನು ಮಂಗಳೂರು ಸೌತೆಯ ಹುಳಿಗೆ ಮಸಾಲೆ ರುಬ್ಬಿ, ಕುದಿಯಲು ಇಟ್ಟು ಬಂದು ಆಗಷ್ಟೇ ಕುಳಿತಿದ್ದೆ. ಗೋವಾದವನು ಒಂದು ಒಳ್ಳೆಯ ಚೆಂಡು ಹಿಡಿದ. ಕ್ಯಾಮೆರಾ ಬೆಂಚಿನ ಕಡೆ ತಿರುಗಿತು. ಅಲ್ಲಿ ಟ್ರ್ಯಾಕ್‌ಸೂಟಿನ ಹುಡುಗರ ಸಾಲು. ಸಾಲಿನ ಕೊನೆಯಲ್ಲಿ ನಮ್ಮವರು, ನೆಟ್ಟಗೆ ಕುಳಿತು ಚಪ್ಪಾಳೆ ತಟ್ಟುತ್ತಿದ್ದಾರೆ. ಅವರ ಹೆಗಲ ಮೇಲೆ, ಹಳದಿ ಅಂಗಿಯ ಮೇಲೆ, ಜರಿಯಂಚಿನ ಕೆಂಪು ಶಾಲು.

ಟೀವಿಯ ಕಾಮೆಂಟರಿಯವನು ಹಿಂದಿಯಲ್ಲಿ ಏನೋ ಹೇಳಿ ನಕ್ಕ. "ಬಾಬಾಂಚೀ ಶಾಲ್!" ಎಂದು ಹುಡುಗಿ ಅಪ್ಪನ ಶಾಲು ತೋರಿಸಿ ಕುಣಿದಳು. ಯಜಮಾನರು ಎದ್ದು ನಿಂತಿದ್ದರು. "ನೋಡು, ನಮ್ಮ ಶಾಲು! ಸಂಘದ ಶಾಲು! ಎಷ್ಟು ವರ್ಷದ್ದು, ಬಣ್ಣ ಹೋಗಲಿಲ್ಲ ನೋಡು!" ಎಂದು ಅಳುತ್ತ ನಗುತ್ತ ಟೀವಿಯ ಹತ್ತಿರಕ್ಕೇ ಹೋದರು. ಅಷ್ಟರಲ್ಲಿ ಕ್ಯಾಮೆರಾ ಬೇರೆ ಕಡೆ ತಿರುಗಿಯಾಗಿತ್ತು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅಡುಗೆಮನೆಗೆ ಹೋಗಿ ನನ್ನ ಹುಳಿಯ ಕೆಳಗಿನ ಉರಿ ಸಣ್ಣ ಮಾಡಿ ಬಂದಳು.

ಮಾರನೆಯ ಬೆಳಿಗ್ಗೆ ಅವರು ಗ್ರಿಲ್ಲಿಗೆ ಕೈಗವಸು ಸಿಕ್ಕಿಸುತ್ತಿದ್ದರು. ನಾನು ಹಾಲಿನ ಪ್ಯಾಕೆಟು ಹಿಡಿದುಕೊಂಡೇ ಕೇಳಿದೆ: "ಅಲ್ಲ ಮಾರಾಯ್ರೆ, ಆಡಿದ ದಿನ ಹೊದಿಯಲಿಲ್ಲ. ಕೂತ ದಿನ ಹೊದ್ದುಕೊಂಡ್ರಿ. ಇದೆಂತ ಲೆಕ್ಕ ನಿಮ್ಮದು?"

ಅವರು ಕ್ಲಿಪ್ಪನ್ನು ಬಾಯಿಂದ ತೆಗೆದರು. "ಅವತ್ತ ಗೋವಾದಾಂವ ಮೊದಲನೇ ಚೆಂಡು ನನ್ನ ಎದಿಗೆ ಕೊಟ್ನಲ್ರಿ ಕಾಕು, ಆಗ ಗೊತ್ತಾತು, ಇಷ್ಟು ವರ್ಷ ನಾ ಏನ್ ಮಾಡಾಕತ್ತಿದ್ದೆ ಅಂತ. ಇನ್ನ ಚುಚ್ಚಂಗಿಲ್ಲ ಅನಿಸ್ತು."

"ಹಾಗಾದರೆ ಅವತ್ತೇ ಹೊದಿಬಹುದಿತ್ತು."

"ಆಡಾಕ ಗ್ಲೌಸ್ ಅದಾವಲ್ರೀ," ಎಂದರು, ಎರಡನೆಯ ಕೈಗವಸನ್ನೂ ಹಿಂಡಿ ಸಿಕ್ಕಿಸುತ್ತ. "ಶಾಲು ಕೂತಾಂವಗ."